ಒಂದೇ ದೀಪದ ಚಾನೆಲ್

ನಮ್ಮ ಊರಲ್ಲಿ ಹುಡುಕಿದ್ದು ಸಿಗುವುದಿಲ್ಲ. ಅದನ್ನು ಹುಡುಕುವಾಗ ಬೇರೇನೋ ಸಿಗುತ್ತದೆ. ಕೀಲಿಕೈ ಕಳೆದುಕೊಂಡವರು ಕೊಡೆ ಹುಡುಕಲು ಶುರು ಮಾಡುತ್ತಾರೆ. ಆದರೆ ಕೊಡೆ ನಿಜವಾಗಿಯೂ ಬೇಕಾಗಿರಬೇಕು, ಸುಳ್ಳು ಹುಡುಕಾಟಕ್ಕೆ ನಮ್ಮ ಊರು ಸೊಪ್ಪು ಹಾಕುವುದಿಲ್ಲ. ಹಾಗಾಗಿ ಇಲ್ಲಿ ಕೀಲಿಕೈಗಳು ಸಿಗುವುದು ಮಳೆಗಾಲದಲ್ಲೇ ಹೆಚ್ಚು. ನಮ್ಮ ಅಪ್ಪ ಎತ್ತು ನೋಡಲು ಹೋದಾಗ ಅವ್ವ ಸಿಕ್ಕಳು. ಸಿಟ್ಟು ಬಂದಾಗಲೆಲ್ಲ ಅವ್ವ, "ಎತ್ತು ಹುಡಿಕ್ಕೋತ ಬಂದಾಂವ, ಎತ್ತಿನಂಗ ದುಡಿಸಿದಾ" ಎನ್ನುತ್ತಿದ್ದಳು. ಎತ್ತೂ ಸಿಕ್ಕಿತು, ಆಮೇಲೆ, ಅಣ್ಣ ಹುಟ್ಟುವಾಗ ಅಪ್ಪ ಸೂಲಗಿತ್ತಿಯನ್ನು ಹುಡುಕಿಕೊಂಡು ಹೋದಾಗ.

ನನ್ನ ಹೆಸರು ನಿಂಬೆವ್ವ. ಹಿಟ್ಟಿನ ಗಿರಣಿ ನನ್ನದು. ಊರಿನ ಜೋಳ, ಗೋಧಿ, ಸುದ್ದಿ ಎಲ್ಲವೂ ನನ್ನ ಗಿರಣಿಯಲ್ಲೇ ನುಣ್ಣಗಾಗುವುದು. ನನ್ನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅಷ್ಟು ಬೇಡವಾದವರು ಮನೆಯಲ್ಲಿ ಬೀಸುವ ಕಲ್ಲು ಹಾಕಿಕೊಳ್ಳಲಿ.

ಟಿವಿಯ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಯಾರು ಬೇಕಾದರೂ ಎಮ್ಮೆ ಕಟ್ಟಿದ ಹಾಗೆ ಮನೆಯಲ್ಲಿ ಒಂದು ಚಾನೆಲ್ ಇಟ್ಟುಕೊಳ್ಳಬಹುದು. ನೋಡುವವರು ರಿಮೋಟನ್ನು ಬಾಯಿಯ ಹತ್ತಿರ ಹಿಡಿದು ಬೇಕಾದ್ದನ್ನು ಕೇಳುತ್ತಾರೆ, ಟಿವಿ ಬೇರೊಂದನ್ನು ತೋರಿಸುತ್ತದೆ. ಅಡುಗೆ ಕೇಳಿದರೆ ಕುಸ್ತಿ, ಕುಸ್ತಿ ಕೇಳಿದರೆ ಪ್ರವಚನ. ಚಾನೆಲ್ ಇಟ್ಟವರ ಮನೆಯ ಗೋಡೆಯ ಮೇಲೆ ಒಂದು ಹಲಗೆ ಇರುತ್ತದೆ. ಆ ಚಾನೆಲ್ ನೋಡುತ್ತಿರುವ ಒಂದೊಂದು ಟಿವಿಗೂ ಅದರಲ್ಲಿ ಒಂದೊಂದು ಕೆಂಪು ದೀಪ ಹತ್ತುತ್ತದೆ. ಚಾನೆಲ್ ಇಟ್ಟವರ ಮನೆ ಯಾವ ಓಣಿಯಲ್ಲಿದೆ ಎಂದು ಹುಡುಕುವ ದಡ್ಡತನವನ್ನು ಯಾರೂ ಮಾಡುವುದಿಲ್ಲ, ಹುಡುಕಿದರೆ ಅದೂ ಸಿಗುವುದಿಲ್ಲ.

ಆಗ ನನ್ನ ಗಿರಣಿಯ ಬೆಲ್ಟು ಮೇಲಿಂದ ಮೇಲೆ ಜಾರುತ್ತಿತ್ತು. ಅದಕ್ಕೇನು ಮದ್ದು ಎಂದು ಒಳಕೋಣೆಯ ಟಿವಿಯನ್ನು ಕೇಳಿದೆ. ತೆರೆಯ ಮೇಲೆ ಎರಡು ಕೈ ಕಾಣಿಸಿದವು. ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದೊಂದೇ ಚೌಕ ತುಂಬುತ್ತಿದ್ದವು. ಒಬ್ಬ ಗಂಡಸಿನ ದನಿ ಹೇಳುತ್ತಿತ್ತು: "ಇದು ಹುಡಿಗಿ ಜಡಿ. ಎರಡ ಚೌಕ. ಓಡುವಾಗ ಒಂದು ಮ್ಯಾಲೆ ಹೋಗತೈತಿ, ಒಂದು ಕೆಳಗ ಬರತೈತಿ. ಅಷ್ಟ. ನಿಮ್ಮ ಕಣ್ಣಿಗೆ ಇಡೀ ಜಡಿ ಹಾರಿಧಂಗ ಕಾಣತೈತಿ." ಸ್ವಲ್ಪ ಹೊತ್ತಿಗೆ ಆ ಚೌಕಗಳನ್ನು ಒಂದು ವಿಡಿಯೋ ಗೇಮಿನ ಪೆಟ್ಟಿಗೆಗೆ ಹಾಕಿದ, ಅದೇ ಹುಡುಗಿ ಅವನ ಹಳೇ ಪೆಟ್ಟಿಗೆಯಂಥ ಟಿವಿಯಲ್ಲಿ ಎದ್ದು ಓಡಿದಳು. ತಲೆಯ ಮೇಲೆ ಬುತ್ತಿಯ ಗಂಟು, ಕಾಲಡಿಗೆ ಸಾಲು ಮನೆಗಳ ಮಾಳಿಗೆ, ಅಡ್ಡಕ್ಕೆ ಮಂಗಗಳು. ಹೊಲದಲ್ಲಿರುವ ಅಪ್ಪನಿಗೆ ಬುತ್ತಿ ಮುಟ್ಟಿಸಬೇಕು, ಅದೇ ಆಟ. ಜಡೆ ನಿಜವಾಗಿಯೂ ಹಾರಿತು. ನಾನು ಬೆಲ್ಟನ್ನು ಮರೆತು ಗೋಧಿ ಚೀಲದ ಮೇಲೆ ಕುಳಿತುಬಿಟ್ಟೆ.

ಅಂಥ ಆಟ ನನಗೆ ಹೊಸದಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲೂ ಒಂದು ವಿಡಿಯೋ ಗೇಮಿನ ಪೆಟ್ಟಿಗೆ ಇತ್ತು. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಹಾಕಿದರೆ ಮಾತ್ರ ಅದಕ್ಕೆ ಜೀವ ಬರುತ್ತಿತ್ತು. ಊದುವವನು ನಮ್ಮಣ್ಣ ಬರಮಣ್ಣ, ಆಡುವವಳು ನಾನು, ನಾನು ಸೋತಾಗ ಬೈಸಿಕೊಳ್ಳುವವನು ಮತ್ತೆ ಅವನೇ. "ನೀ ಬರೋಬರಿ ಊದಿಲ್ಲ, ಅದಕ್ಕ ನಾ ಸತ್ತೆ" ಎಂದು ನಾನು ಜಗಳ ತೆಗೆದರೆ ಅವನು ಬಿದ್ದು ಬಿದ್ದು ನಗುತ್ತಿದ್ದ. ಈಗ ಅವನದು ಕೆರೆಯ ಆಚೆ ಸೈಕಲ್ ಅಂಗಡಿ. ಅತ್ತಿಗೆ ತೀರಿಹೋದ ಮೇಲೆ ಅವನು ನಕ್ಕದ್ದನ್ನು ನಾನು ಕಂಡಿಲ್ಲ. ಪಂಕ್ಚರ್ ಹಾಕುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಏನೂ ಬೇಕೆನ್ನುವುದಿಲ್ಲ, ಏನನ್ನೂ ಹುಡುಕುವುದಿಲ್ಲ. ನಮ್ಮ ಊರಲ್ಲಿ ಏನನ್ನೂ ಹುಡುಕದವನಿಗೆ ಏನೂ ಸಿಗುವುದಿಲ್ಲ. ಆ ಹುಡುಗಿ ಮಾಳಿಗೆ ಹಾರಿದ ಕೂಡಲೇ ನನಗೆ ಅಣ್ಣ ನೆನಪಾದ. ಕಣ್ಣಲ್ಲಿ ನೀರು ಬಂತು. ಓಡಿಹೋಗಿ ಹೇಳೋಣವೆಂದರೆ ಹೇಳುವ ಹಾಗಿಲ್ಲ. ಹೇಳಿಸಿಕೊಂಡವನು ಅದನ್ನು ನೋಡಬೇಕೆಂದು ಆಸೆಪಡುತ್ತಾನೆ, ಆಸೆಪಟ್ಟರೆ ಮುಗಿಯಿತು, ಅವನ ಪಾಲಿಗೆ ಅದು ಎಂದೂ ಸಿಗದು.

ಆ ಚಾನೆಲ್ ನನ್ನ ಟಿವಿಯಲ್ಲಿ ಉಳಿದದ್ದು ನನ್ನ ಜಾಣತನದಿಂದೇನಲ್ಲ. ಅದೇ ವಾರ ರಿಮೋಟು ಕಳೆಯಿತು. ನಾನು ಬಿಡದೆ ಹುಡುಕುತ್ತಿದ್ದೇನೆ, ಅಂದಮೇಲೆ ಅದು ಸಿಗುವ ಮಾತೇ ಇಲ್ಲ. ಹೀಗಾಗಿ ಟಿವಿ ಅಲ್ಲೇ ನಿಂತಿತು. ಭಾನುವಾರ ಸಂಜೆ ಆ ಮನುಷ್ಯ ಬಂದು ಆಟಕ್ಕೆ ಒಂದಿಷ್ಟು ಸೇರಿಸಿ ಹೋಗುತ್ತಾನೆ. ಉಳಿದ ದಿನ ಹುಡುಗಿ ಬುತ್ತಿ ಹೊತ್ತು ಕಣ್ಣು ಮಿಟುಕಿಸುತ್ತ ನಿಂತಿರುತ್ತಾಳೆ. ನನ್ನ ಹಾಗೆಯೇ ಆಕಸ್ಮಿಕವಾಗಿ ಅದನ್ನು ಕಂಡವರು ಇನ್ನೂ ಮೂವರಿದ್ದರು. ಅವರು ಟಿವಿ ಆರಿಸಿ ಆ ಚಾನೆಲನ್ನು ಕಳೆದುಕೊಂಡಿದ್ದರು. ಹಿಟ್ಟು ಹಾಕಿಸಲು ಬಂದಾಗ ಒಳಕೋಣೆಯಿಂದ ಆ ಟುಂಯ್ ಟುಂಯ್ ಸದ್ದು ಕೇಳಿ ಒಬ್ಬೊಬ್ಬರೇ ನಿಂತರು. ಅಂದಿನಿಂದ ಭಾನುವಾರ ಸಂಜೆ ಅವರೂ ನನ್ನ ಜೊತೆ ಚೀಲಗಳ ಮೇಲೆ ಕೂರುತ್ತಾರೆ.

ಒಬ್ಬರು ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುವ ದಾವಲಸಾಬರು. ಇನ್ನೊಬ್ಬರು ಶಾಲೆಯ ಪಿಟಿ ಮಾಸ್ತರ ಕಲ್ಮೇಶಪ್ಪ. ಮತ್ತೊಬ್ಬಳು ದನದ ಡಾಕ್ಟರಬಾಯಿ ವೈಶಾಲಿ. ಆಟ ಶುರುವಾಗುವ ಮುಂಚೆ ಎಲ್ಲರೂ ತಮಗೆ ಈ ಚಾನೆಲ್ ಸಿಕ್ಕ ಕಥೆ ಹೇಳಲೇಬೇಕು. ಪ್ರತಿ ವಾರ ಹೇಳುವುದು ಅದೇ ಕಥೆ, ಆದರೂ ಬಿಡುವುದಿಲ್ಲ.

"ನನ್ನ ಕ್ಲಾರ್ನೆಟ್ಟಿನ ಬಾಯಾಗಿನ ಪೀಪಿ ಸೀಳಿತ್ರೀ," ಎಂದು ದಾವಲಸಾಬರು ಶುರುಮಾಡುತ್ತಾರೆ. "ಮರುದಿನ ಮದಿವಿ ಮೆರವಣಿಗಿ. ಪೀಪಿ ಹ್ಯಾಂಗ ಕೆತ್ತೂದು ಅಂತ ಟಿವಿ ಕೇಳಿದೆ. ಈ ಪುಣ್ಯಾತ್ಮ ಬಂದ. ಮಂಗ್ಯಾ ಹಾರೂ ಸದ್ದು ಮಾಡಾಕತ್ತಿದ್ದ. ಮರುದಿನ ಅದನ್ನ ಊದಿದೆ. ಸೀಳಿದ ಪೀಪಿಗೆ ಅದ ಚಂದ ಕೂಡಿತು ನೋಡ್ರಿ. ಕುದರಿ ಮ್ಯಾಲೆ ಕುಂತ ಮದುಮಗ ಕುಂತಲ್ಲೇ ಜಿಗದಾ."

"ಹ್ವಾದ ವಾರ ಬರೇ ಅಳ್ಳಾಡಿದ್ದ, ಈ ವಾರ ಜಿಗದಾನ," ಎನ್ನುತ್ತಾಳೆ ವೈಶಾಲಿ. ಅವಳು ಯಾರದೋ ಮನೆಯ ಎಮ್ಮೆಯ ಕೆಮ್ಮಿಗೆ ಔಷಧಿ ಕೇಳಿದವಳು. ಮಂಗಗಳನ್ನು ಎಷ್ಟು ಹೊತ್ತು ನೋಡುತ್ತ ನಿಂತಳೆಂದರೆ ಎಮ್ಮೆ ತಾನಾಗಿಯೇ ಕೆಮ್ಮು ನಿಲ್ಲಿಸಿ ಮಲಗಿಬಿಟ್ಟಿತಂತೆ. ಕಲ್ಮೇಶಪ್ಪ ಮಾಸ್ತರ ಸರದಿ ಬಂದಾಗ ಅವರು ಗಂಟಲು ಸರಿಮಾಡಿಕೊಂಡು, "ನಾ ವ್ಯಾಯಾಮದ ಬಗ್ಗೆ ಕೇಳಿದ್ದೆ" ಎಂದಷ್ಟೇ ಹೇಳುತ್ತಾರೆ.

"ಸೊಂಟ ಹಿಡದಿತ್ತು ಅಂತ ಹೇಳ್ರಿ ಮಾಸ್ತರ," ಎನ್ನುತ್ತೇನೆ ನಾನು. "ಹುಡುಗೂರಿಗೆ ಬಗ್ಗಸಾಕ ಹೋಗಿ ನೀವ ಬಗ್ಗಿ ನಿಂತಿದ್ರಿ."

"ಅದೆಲ್ಲ ಈಗ್ಯಾಕ ನಿಂಬಕ್ಕ," ಎನ್ನುತ್ತಾರೆ ಅವರು. ಅವರೊಮ್ಮೆ ತಡೆಯಲಾರದೆ ಹೆಂಡತಿಗೆ ಹೇಳಿ ಕರೆದುಕೊಂಡು ಬಂದಿದ್ದರು. ಆಕೆ ಒಳಗೆ ಕಾಲಿಟ್ಟದ್ದೇ ತಡ, ಟಿವಿಯಲ್ಲಿ ಬರೀ ಚುಕ್ಕಿ. ಆಕೆ ಹೊರಗೆ ಹೋದ ಮೇಲೆ ಹುಡುಗಿ ಮತ್ತೆ ಬಂದಳು. ಆ ವಾರವೆಲ್ಲ ಮಾಸ್ತರಿಗೆ ಮನೆಯಲ್ಲಿ ಸಪ್ಪೆ ಸಾರು.

ಹೀಗೆ ನಡೆದಿತ್ತು. ಒಂದು ಭಾನುವಾರ ಆ ಮನುಷ್ಯ ಪೆನ್ಸಿಲ್ ಹಿಡಿಯಲಿಲ್ಲ. ಕ್ಯಾಮೆರಾವನ್ನು ಗೋಡೆಯ ಕಡೆ ತಿರುಗಿಸಿದ. ಹಲಗೆಯ ತುಂಬ ಸಾಲು ಸಾಲು ದೀಪ, ಅದರಲ್ಲಿ ಮೂಲೆಯಲ್ಲೊಂದು ಮಾತ್ರ ಕೆಂಪಗೆ ಹತ್ತಿತ್ತು.

"ನೋಡ್ರಿ, ಒಂದ ದೀಪ," ಎಂದ. "ಮೊದಮೊದಲ ಒಂದೆರಡು ಹತ್ತಿ ಆರಿದುವು, ಆವಾಗಿಂದ ಒಂದ ಐತಿ. ಹಗಲೂ ಹತ್ತತೈತಿ, ರಾತ್ರಿನೂ ಹತ್ತತೈತಿ. ಯಾರೋ ಟಿವಿ ಆರಸೂದು ಮರತು ಬೀಗರೂರಿಗೆ ಹೋಗ್ಯಾರ ಅಂತ ಕಾಣತೈತಿ. ಖಾಲಿ ಮನಿ ಮುಂದ ನಾ ಬಾಯಿ ಬಡಕೊಳ್ಳಾಕತ್ತೀನಿ. ಬರೂ ಐತವಾರನೂ ಹಿಂಗ ಇದ್ರ ಚಾನೆಲ್ ಮುಚ್ಚತೀನಿ. ಈ ಪೆಟಗಿ ಗುಜರಿಗೆ ಕೊಡತೀನಿ." ಅಷ್ಟು ಹೇಳಿ ಎದ್ದುಹೋದ. ಹುಡುಗಿ ಕೊನೆಯ ಓಣಿಯ ಮುಂದೆ ಬುತ್ತಿ ಹೊತ್ತು ನಿಂತೇ ಇದ್ದಳು. ಆ ಓಣಿಯನ್ನು ಅವನಿನ್ನೂ ಮಾಡಿರಲಿಲ್ಲ.

ದಾವಲಸಾಬರು ಎದ್ದು ಟಿವಿಯ ಮುಂದೆ ನಿಂತು ಎರಡೂ ಕೈ ಬೀಸಿದರು. "ನಾವು ನಾಲ್ಕ ಮಂದಿ ಅದೀವೋ ಮಾರಾಯಾ." ಅವನಿಗೆ ಎಲ್ಲಿ ಕಾಣಬೇಕು. ನಮ್ಮ ತಪ್ಪು ನಮಗೆ ಆಗ ಹೊಳೆಯಿತು. ಅವನ ಆಟವೆಂದರೆ ಜೀವ ಬಿಡುವ ನಾಲ್ವರೂ ಒಂದೇ ಟಿವಿಯ ಮುಂದೆ ಕೂತು ಅವನ ಪಾಲಿಗೆ ಯಾರೂ ಇಲ್ಲದ ಹಾಗೆ ಮಾಡಿದ್ದೆವು. ವಾರವೆಲ್ಲ ಊರಿಗೆ ಹಿಟ್ಟು ಬೀಸುವ ನನಗೆ ನನ್ನದು ಅಂತ ಇದ್ದದ್ದು ಆ ಒಂದು ಸಂಜೆ. ಅದಕ್ಕಿಂತ ಹೆಚ್ಚಾಗಿ, ಅಣ್ಣ ಅದನ್ನಿನ್ನೂ ನೋಡಿರಲಿಲ್ಲ. ಮುಚ್ಚಿಹೋದ ಮೇಲೆ ಅವನಿಗೆ ಆಕಸ್ಮಿಕವಾಗಿ ಸಿಗುವ ದಾರಿಯೂ ಇಲ್ಲ.

ಮೂವರೂ ತಂತಮ್ಮ ಮನೆಗೆ ಓಡಿ, ಮೊದಲ ಸಲ ಕೇಳಿದ್ದನ್ನೇ ಟಿವಿಗೆ ಮತ್ತೆ ಕೇಳಿದರು. ಮರುದಿನ ದಾವಲಸಾಬರು ಮುಖ ಇಳಿಬಿಟ್ಟುಕೊಂಡು ಬಂದರು. "ಪೀಪಿ ಕೆತ್ತೂದು ಹ್ಯಾಂಗಂತ ಕೇಳಿದೆ ನಿಂಬಕ್ಕ. ಪೀಪಿ ಕೆತ್ತೂದನ್ನ ತೋರಿಸ್ತು. ಪೂರಾ ತೋರಿಸ್ತು." ಹಾಗೇ ಆಗಬೇಕಲ್ಲ. ಅವರ ಮನಸ್ಸಿನಲ್ಲಿದ್ದದ್ದು ಚಾನೆಲ್, ಪೀಪಿ ಅಲ್ಲ. ವೈಶಾಲಿಗೆ ಎಮ್ಮೆಯ ಕೆಮ್ಮಿಗೆ ಒಳ್ಳೆಯ ಔಷಧಿ ಸಿಕ್ಕಿತು. ಮಾಸ್ತರ ಸೊಂಟ ನೆಟ್ಟಗಾಯಿತು. ಅಷ್ಟು ನೆಟ್ಟಗಿದ್ದು ಅಷ್ಟು ಬೇಸರದಲ್ಲಿದ್ದ ಮನುಷ್ಯನನ್ನು ನಾನು ನೋಡಿರಲಿಲ್ಲ.

"ನಮಗ ಇನ್ನ ಅದು ಸಿಗಂಗಿಲ್ಲ," ಎಂದಳು ವೈಶಾಲಿ. "ಗೊತ್ತಿಲ್ಲದವರಿಗೆ ಸಿಗಬೇಕು. ಅವರಿಗೆ ಹೇಳಾಕೂ ಬರಂಗಿಲ್ಲ. ಐತವಾರ ಸಂಜಿಕೆ ಊರ ಮಂದಿ ಎಲ್ಲಾ ಟಿವಿ ಮುಂದ ಕುಂತು ಬ್ಯಾರೆ ಏನರ ಮನಸಾರೆ ಹುಡುಕಬೇಕು. ಹಂಗ ಹುಡುಕುವಾಗ ಒಬ್ಬಿಬ್ಬರಿಗರ ಸಿಕ್ಕೀತು."

"ಯಾರಿಗೆ ಏನ ಬೇಕಾಗೇತಿ ಅನ್ನೂದು ನಿಂಬಕ್ಕಗ ಗೊತ್ತಿರತೈತಿ," ಎಂದರು ದಾವಲಸಾಬರು. ಮಾಸ್ತರು ನನ್ನನ್ನು ನೋಡಿ, "ಗೊತ್ತೇನೋ ಇರತೈತಿ, ಆದ್ರ ಅಕ್ಕಾರ ಬಾಯಿ" ಎಂದು ಅಲ್ಲಿಗೇ ನಿಲ್ಲಿಸಿದರು. ನಿಲ್ಲಿಸಿದ್ದು ಒಳ್ಳೆಯದಾಯಿತು, ಕೈಯಲ್ಲಿ ಹಿಟ್ಟಿನ ಸಲಿಕೆ ಇತ್ತು.

ಆ ವಾರ ನಾನು ಪಟ್ಟ ಪಾಡು ನನಗೇ ಗೊತ್ತು. ಗಿರಣಿಗೆ ಬಂದವರ ಮನಸ್ಸಿನಲ್ಲಿ ಮಲಗಿದ್ದ ಆಸೆಗಳನ್ನೆಲ್ಲ ತಿವಿದು ಎಬ್ಬಿಸಿದೆ. ರೊಟ್ಟಿ ಉಬ್ಬುವುದಿಲ್ಲವೆಂದು ಅತ್ತೆಯಿಂದ ಬೈಸಿಕೊಳ್ಳುವ ಹೊಸ ಸೊಸೆಗೆ, "ಐತವಾರ ಸಂಜಿಕೆ ಟಿವಿ ಕೇಳು, ಛಲೋ ಛಲೋ ಅಡಗಿ ತೋರಸತಾರಂತ" ಎಂದೆ. ಮಗಳ ಮದುವೆಗೆ ಸೀರೆ ಆರಿಸಲಾಗದೆ ಒದ್ದಾಡುವವಳಿಗೆ ಸೀರೆಯ ಮಾತು, ಗೊರಕೆ ಹೊಡೆಯುವ ಗಂಡನಿರುವವಳಿಗೆ ಗೊರಕೆಯ ಮಾತು. ನಾಲಿಗೆಯ ತುದಿಗೆ ಹುಡುಗಿ, ಬುತ್ತಿ, ಮಂಗ ಎಲ್ಲ ಬಂದು ನಿಲ್ಲುತ್ತಿದ್ದವು. ಹಾಗೆ ಬಂದಾಗಲೆಲ್ಲ ಎಲೆ ಅಡಿಕೆ ಮೆದ್ದು ಬಾಯಿ ತುಂಬಿಕೊಂಡೆ. "ನಿಂಬಕ್ಕಗ ಏನಾಗೇತಿ, ಮಾತ ಕಡಿಮಿ ಆಗೇತಲ್ಲ" ಎಂದು ಜನ ಮರುಗಿದರು. ಒಬ್ಬಾಕೆ ದೃಷ್ಟಿ ತೆಗೆದು ಹೋದಳು.

ಶುಕ್ರವಾರ ಅಣ್ಣ ಬಂದ. ಸೈಕಲ್ಲಿನಿಂದ ಗೋಧಿಯ ಚೀಲ ಇಳಿಸಿದ. ನನಗೆ ಅವನ ಭುಜ ಹಿಡಿದು ಒಳಕೋಣೆಗೆ ತಳ್ಳಿಬಿಡಬೇಕು ಅನ್ನಿಸಿತು. ತಡೆದುಕೊಂಡೆ. "ಅಣ್ಣಾ, ನಿನಗೇನರ ಬೇಕಾಗೇತೇನು?" ಎಂದೆ.

"ನನಗೇನ ಬೇಕವ್ವಾ. ಹಿಟ್ಟು ಆದ್ರ ಸಾಕು," ಎಂದ.

ಇವನಿಗೆ ಆಸೆ ಹುಟ್ಟಿಸುವುದು ಹೇಗೆ. ಅಂಗಡಿ, ಬಟ್ಟೆ, ಊಟ, ಯಾವ ಮಾತು ತೆಗೆದರೂ ಹೂಂ ಎಂದ. ಗೋಧಿ ಕಲ್ಲಿಗೆ ಬೀಳುತ್ತಿತ್ತು. ಆ ವಾಸನೆಗೆ ಅವ್ವ ಮಾಡುತ್ತಿದ್ದ ಗೋಧಿ ಬೆಲ್ಲದ ಮಾದಲಿ ನೆನಪಾಯಿತು. ತಲೆಗೆ ಏನೋ ಹೊಳೆಯಿತು.

"ಈ ಗೋಧಿಲೆ ಮಾದಲಿ ಛಲೋ ಆಗತೈತಿ," ಎಂದೆ. "ಅವ್ವ ಮಾಡತಿದ್ದಳಲ್ಲ, ಗಸಗಸಿ ಹಾಕದ."

ಅಣ್ಣ ತಲೆ ಎತ್ತಿದ. "ಗಸಗಸಿ ಹಾಕದ?"

"ಹೂಂ. ಅವ್ವ ಮಾದಲಿಗೆ ಗಸಗಸಿ ಎಲ್ಲಿ ಹಾಕತಿದ್ದಳು."

"ತಲಿ ನೆಟ್ಟಗೈತೇನ ನಿಂದು? ಗಸಗಸಿ ಹ್ಯಾಂಗ ಹುರಿಬೇಕು ಅಂತ ಅವ್ವ ನನ್ನ ಕೈಯಾಗ ಸೌಟು ಕೊಟ್ಟು ಕಲಿಸ್ಯಾಳ."

"ಯಾರ ಮನ್ಯಾಗೋ ತಿಂದು ಬಂದು ಅವ್ವನ ಹೆಸರು ಹೇಳಾಕತ್ತಿ," ಎಂದೆ. ಗಸಗಸೆ ಹಾಕುತ್ತಿದ್ದಳೆಂದು ನನಗೇನು ಗೊತ್ತಿಲ್ಲವೇ, ಗಸಗಸೆಯ ಡಬ್ಬಿ ಕದ್ದು ಮುಕ್ಕಿ ಪೆಟ್ಟು ತಿಂದವಳೇ ನಾನು. "ಗಸಗಸಿ ಹಾಕಿದ್ರ ಅದಕ್ಕ ಮಾದಲಿ ಅನ್ನಂಗಿಲ್ಲ. ಬೇಕಾದ್ರ ಯಾರನ್ನರ ಕೇಳು."

ಅಣ್ಣನ ಮುಖ ಕೆಂಪಗಾಯಿತು. ಎಷ್ಟೋ ಕಾಲದ ಮೇಲೆ ಆ ಮುಖಕ್ಕೆ ಬಣ್ಣ ಬಂದದ್ದು ನೋಡಿ ನನಗೆ ಒಳಗೊಳಗೇ ಹಿಗ್ಗು. "ಗಸಗಸಿ ಇಲ್ಲದ್ದು ಮಾದಲಿನ?" ಎಂದು ಅವನು ಹಿಟ್ಟಿನ ಚೀಲವನ್ನು ಸೈಕಲ್ಲಿನ ಮೇಲೆ ಧೊಪ್ಪನೆ ಹಾಕಿದ. "ನಿನಗ ತೋರಿಸಿ ಹೇಳತೀನಿ ತಡಿ."

"ಐತವಾರ ಸಂಜಿಕೆ ಟಿವಿಯಾಗ ಅಡಗಿ ಇರತಾವಂತ. ನೋಡಿ ನೀನ ಬಂದು ತಪ್ಪಾತು ಅನ್ನು," ಎಂದು ಕೂಗಿದೆ. ಅವನು ತಿರುಗಿಯೂ ನೋಡದೆ ಪೆಡಲ್ ತುಳಿದ. ಅವನು ಹೋದ ಮೇಲೆ ಕುಳಿತು ಅತ್ತೆ. ಅವ್ವನ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕಲ್ಲ, ಅದಕ್ಕೆ ಅವ್ವ ನಗುತ್ತಿದ್ದಳು. ಅಣ್ಣನಿಗೆ ಸಿಟ್ಟು ಬಂತಲ್ಲ, ಆ ಸಂತೋಷಕ್ಕೆ.

ಭಾನುವಾರ ಯಾರೂ ಚಾನೆಲ್ ಸಿಕ್ಕ ಕಥೆ ಹೇಳಲಿಲ್ಲ. ಚೀಲದ ಮೇಲೆ ತುದಿಯಲ್ಲಿ ಕುಳಿತೆವು. ಆ ಮನುಷ್ಯ ಬಂದ. ಮೊದಲ ಸಲ ಅವನ ಮುಖ ಕಂಡೆವು, ಅರ್ಧ ನೆರೆತ ಮೀಸೆಯ ಸಾದಾ ಮುಖ. ಅವನು ನಮ್ಮ ಕಡೆ ಮುಖ ಮಾಡಿ ಕುಳಿತಿದ್ದ, ಹಲಗೆ ಅವನ ಬೆನ್ನ ಹಿಂದಿತ್ತು. ಅದರಲ್ಲಿ ಒಂದೇ ದೀಪ, ನಮ್ಮದು.

"ಈಗ ನೋಡೇ ಕುಂತೀನಿ. ಒಂದ ಐತಿ," ಎಂದ. ಒಂದು ಬಿಳಿ ಧೋತರ ಹಾಸಿ ಆಟದ ಪೆಟ್ಟಿಗೆಯನ್ನು ಅದರ ಮೇಲಿಟ್ಟ. "ಆ ಒಂದು ಟಿವಿ ಮುಂದ ಯಾರರ ಇದ್ರ ಅವರಿಗೆ ಶರಣು. ಹುಡಿಗಿಗೆ ಬುತ್ತಿ ಮುಟ್ಟಸಾಕ ಆಗಲಿಲ್ಲ ನನ್ನ ಕೈಲೆ." ಧೋತರದ ಒಂದು ತುದಿ ಎತ್ತಿ ಪೆಟ್ಟಿಗೆಯ ಮೇಲೆ ಮಡಚಿದ.

ಆಗ ಅವನ ಹಿಂದೆ ಎರಡನೆಯ ದೀಪ ಹತ್ತಿತು.

ವೈಶಾಲಿ ನನ್ನ ತೋಳು ಹಿಡಿದಳು. ಇನ್ನೊಂದು ಹತ್ತಿತು. ಸ್ವಲ್ಪ ಹೊತ್ತಿಗೆ ಆ ಮೂಲೆಯಲ್ಲೊಂದು. ಅವನು ತಲೆ ತಗ್ಗಿಸಿ ಗಂಟು ಕಟ್ಟುತ್ತಿದ್ದ. "ಹಿಂದ ನೋಡೋ," ಎಂದು ಮಾಸ್ತರು ಮೈದಾನದಲ್ಲಿ ಕೂಗುವ ಹಾಗೆ ಕೂಗಿದರು. ದಾವಲಸಾಬರು ಟಿವಿಯ ತಲೆಯ ಮೇಲೆ ತಟ್ಟಿದರು. ನಾನು ಆ ವಾರವೆಲ್ಲ ನುಂಗಿಕೊಂಡಿದ್ದ ಮಾತನ್ನೆಲ್ಲ ಸೇರಿಸಿ ಅವನಿಗೆ ಬೈದೆ. ಅಲ್ಲಿ ರೊಟ್ಟಿ ಕೇಳಿದವಳು, ಇಲ್ಲಿ ಸೀರೆ ಕೇಳಿದವಳು, ಗೊರಕೆ ಕೇಳಿದವಳು, ಒಂದೊಂದೇ ದೀಪವಾಗಿ ಅವನ ಬೆನ್ನಿಗೆ ಬಂದು ನಿಲ್ಲುತ್ತಿದ್ದರು, ಅವನು ಗುಜರಿಯ ಗಂಟಿಗೆ ಇನ್ನೊಂದು ಗಂಟು ಹಾಕುತ್ತಿದ್ದ.

ಹಲಗೆಯ ಒಂದು ಸಾಲು ಪೂರ್ತಿ ಹತ್ತಿತು. ಆ ಬೆಳಕಿಗೆ ಬಿಳಿ ಧೋತರ ಕೆಂಪಗಾಯಿತು. ಅವನು ಕೈ ನಿಲ್ಲಿಸಿ ಬಟ್ಟೆಯನ್ನು ನೋಡಿದ, ತನ್ನ ಅಂಗೈಯನ್ನು ನೋಡಿದ, ಆಮೇಲೆ ನಿಧಾನಕ್ಕೆ ಹಿಂದಕ್ಕೆ ತಿರುಗಿದ. ಹಾಗೇ ನಮಗೆ ಬೆನ್ನು ಮಾಡಿ ಬಹಳ ಹೊತ್ತು ನಿಂತಿದ್ದ. ಮೂಗು ಏರಿಸಿದ್ದು ಮಾತ್ರ ಕೇಳಿಸಿತು. ಮತ್ತೆ ಇತ್ತ ತಿರುಗಿ ಗಂಟು ಬಿಚ್ಚಲು ಕುಳಿತ. ಹಲ್ಲಿನಿಂದಲೂ ಬಿಚ್ಚಿದ, ಅಷ್ಟು ಬಿಗಿಯಾಗಿ ಕಟ್ಟಿದ್ದ. "ಕೊನೀ ಓಣಿ ಇವತ್ತ ಶುರು ಮಾಡೂಣು," ಎಂದು ಪೆನ್ಸಿಲ್ ತೆಗೆದುಕೊಂಡ. ದಾವಲಸಾಬರು ಮಾಸ್ತರನ್ನು ಅಪ್ಪಿಕೊಂಡರು. ವೈಶಾಲಿ ಅಳುತ್ತ ನಗುತ್ತಿದ್ದಳು. ನಾನೂ ನಕ್ಕೆ. ಆದರೆ ಕಣ್ಣು ಹಲಗೆಯ ಮೇಲೇ ಇತ್ತು. ದೀಪಗಳ ಮೇಲೆ ಹೆಸರು ಬರೆದಿರುವುದಿಲ್ಲ.

ಸೋಮವಾರ ಗಿರಣಿಯ ಬಾಗಿಲು ತೆಗೆಯುವಾಗ ಅಣ್ಣ ಸೈಕಲ್ ಹಿಡಿದು ಅಂಗಳದಲ್ಲಿ ನಿಂತಿದ್ದ. ಹಿಂದೆ ಚೀಲವಿರಲಿಲ್ಲ. ಕಣ್ಣು ನಿದ್ದೆಗೆಟ್ಟು ಕೆಂಪಗಿದ್ದವು.

"ಏನಣ್ಣಾ, ಗಸಗಸಿ ಐತ್ಯಂತೋ ಇಲ್ಲಂತೋ?" ಎಂದೆ.

"ಯಾವ ಗಸಗಸಿ?" ಎಂದ.

ಅವನು ಒಳಗೆ ಬಂದ. ಬೆಲ್ಟನ್ನು ನೋಡಿದ, ಕಲ್ಲನ್ನು ನೋಡಿದ.

"ಅಂಗಡಿ ತಗದಿಲ್ಲೇನು?"

"ಇಲ್ಲ. ಟಿವಿ ಹಚ್ಚೇ ಇಟ್ಟು ಕೀಲಿ ಹಾಕ್ಕೊಂಡು ಬಂದೀನಿ. ಯಾರೂ ಮುಟ್ಟಬಾರದು ನೋಡು." ಅಷ್ಟು ಹೇಳಿದ್ದೇ ಹೆಚ್ಚಾಯಿತೇನೋ ಎಂಬಂತೆ ತುಟಿ ಕಚ್ಚಿಕೊಂಡ. ಆಮೇಲೆ ನನ್ನ ಹತ್ತಿರ ಬಂದು, ಕಿವಿಯಲ್ಲಿ ಹೇಳುವ ಹಾಗೆ ಕೇಳಿದ: "ನಿಂಬಿ, ನೀ ಈಗ ಏನರ ಹುಡುಕಾಕತ್ತಿಯೇನು?"

"ಯಾಕಣ್ಣಾ?"

"ಸುಮ್ನ ಕೇಳಿದೆ. ಏನರ ಹುಡುಕು. ಬರೂ ಐತವಾರ ಟಿವಿ ಮುಂದ ಕುಂತು ಮನಸಾರೆ ಹುಡುಕು. ಯಾಕ ಏನ ಅಂತ ನನ್ನ ಕೇಳಬ್ಯಾಡ, ನಾ ಹೇಳಂಗಿಲ್ಲ. ನಿನಗ ಅದು ಸಿಗಬೇಕವ್ವಾ. ಬ್ಯಾರೆ ಯಾರಿಗೆ ಸಿಗದಿದ್ರೂ ನಿನಗ ಸಿಗಬೇಕು," ಎಂದು, ಇನ್ನೇನು ಬಾಯಿಂದ ಹೊರಗೆ ಬೀಳುತ್ತದೆ ಎನ್ನುವಾಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕೈಯ ಹಿಂದೆ ಅವನು ನಗುತ್ತಿದ್ದ.

ನಾನು ಅವನ ರಟ್ಟೆ ಹಿಡಿದು ಒಳಕೋಣೆಯ ಬಾಗಿಲು ದೂಡಿದೆ.